ಜೊತೆಗೊಬ್ಬರು ಬೇಕಿತ್ತು

ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಎಂದು ಊರೂರು ಅಲೆದು ಸ್ವಯಂಸೇವಕರಿಗೆ ಪಾಠ ಹೇಳಿ ಹೇಳಿ ಆ ವರ್ಷ ನನಗೆ ಸಾಕಾಗಿಹೋಗಿತ್ತು. ಪಾಠವೇನೂ ದೊಡ್ಡದಲ್ಲ. ಪಿಂಚಣಿಗೆ ಯಾರನ್ನು ಕಾಣಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ತಿಳಿಯದವರ ಮನೆಗೆ ಹೋಗಿ, ಕಷ್ಟ ಕೇಳಿ, ಸರಿಯಾದ ಜಾಗಕ್ಕೆ ಮುಟ್ಟಿಸುವುದು. ಹೋಗುವುದೂ ಮುಟ್ಟಿಸುವುದೂ ಎಲ್ಲರಿಗೂ ಬರುತ್ತದೆ. ಕೇಳುವುದಿದೆಯಲ್ಲ, ಅದನ್ನು ಕಲಿಸುವಷ್ಟರಲ್ಲಿ ನನ್ನ ಗಂಟಲು ಒಣಗಿರುತ್ತದೆ.

ಅವತ್ತು ಕೊಳಾಲದ ಹತ್ತಿರದ ಒಂದು ಹಳ್ಳಿಯಲ್ಲಿ ಕಣ್ಣಿನ ಆಸ್ಪತ್ರೆಯ ವ್ಯಾನು ನಿಂತಿತ್ತು, ಪೊರೆ ಬಂದವರನ್ನು ಆಪರೇಷನ್ನಿಗೆ ಕರೆದೊಯ್ಯಲು. ಎಲ್ಲರೂ ಹತ್ತಿ ಕೂತಿದ್ದರು, ಒಬ್ಬ ಹೆಂಗಸನ್ನು ಬಿಟ್ಟು. ಇನ್ನು ತಡಮಾಡಿದರೆ ಇರುವ ದೃಷ್ಟಿಯೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದು ಅವರಿಗೇ. ಕರೆಯಲು ಹೋಗಿದ್ದ ನಮ್ಮ ಸ್ವಯಂಸೇವಕಿ ಮುಖ ಸಪ್ಪಗೆ ಮಾಡಿಕೊಂಡು ವಾಪಸು ಬಂದಳು.

"ನಂಗೇನಾಗೈತೆ, ಚೆನ್ನಾಗೇ ಕಾಣ್ತೈತೆ ಅಂತ ಬೈದ್ಬುಟ್ರು ಮೇಡಂ."

"ಮನೇಲಿ ಯಾರಿದ್ರು?"

"ಬೀಗ್ರು. ಗೊರವನಹಳ್ಳಿ ಗುಡಿಗೆ ಬಂದೋರು ರಾತ್ರಿ ಉಳ್ಕಂಡವ್ರೆ."

ಸಿಟ್ಟು ನೆತ್ತಿಗೇರಿತು. ಬೇರೆಯವರೆದುರು ಕೇಳಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದ್ದೆ. ಮಗಳನ್ನು ಕೊಟ್ಟ ಮನೆಯವರು ಜಗಲಿಯ ಮೇಲೆ ಕೂತಿರುವಾಗ 'ನಿಮಗೆ ಕಣ್ಣು ಕಾಣಲ್ವಲ್ಲ' ಎಂದರೆ ಯಾವ ತಾಯಿ ಹೂಂ ಅಂದಾಳು? ಬೈಯುವುದಕ್ಕೂ ತ್ರಾಣವಿರಲಿಲ್ಲ. ನಾನೇ ಹೋದೆ.

ಅವರು ಬೀಗಿತ್ತಿಗೆ ಕಾಫಿ ಬಗ್ಗಿಸುತ್ತಿದ್ದರು. ಲೋಟದ ಅಂಚಿನೊಳಗೆ ಬೆರಳಿಟ್ಟು, ಬಿಸಿ ತಾಗಿದೊಡನೆ ನಿಲ್ಲಿಸಿದರು. ಬೀಗರು ಗಮನಿಸಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು ಜಗಲಿಯ ಮೇಲೆ ಧೊಪ್ಪನೆ ಕೂತೆ.

"ಅಮ್ಮಾ, ನಂಗೆ ತುಂಬ ಸುಸ್ತಾಗಿದೆ," ಎಂದೆ. "ವ್ಯಾನ್ ತುಂಬ ಪೇಷಂಟುಗಳು, ಜೊತೆಗೆ ಹಿರಿಯರು ಅಂತ ಒಬ್ರಿಲ್ಲ. ನೀವು ಬಂದ್ರೆ ನಂಗೆ ಧೈರ್ಯ."

ತರಬೇತಿಯಲ್ಲಿ ಇದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಸುಸ್ತಂತೂ ನಿಜವಾಗಿತ್ತು. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಅವರಿಗೆ ಅರ್ಥವಾಗಿತ್ತು.

ಬೀಗಿತ್ತಿಯೇ ನಡುವೆ ಬಾಯಿ ಹಾಕಿದರು. "ಪಾಪ, ಕರೀತಾವ್ರೆ. ಹೋಗ್ಬುಟ್ ಬನ್ನಿ, ನಾವೂ ಇನ್ನೇನು ಹೊರಡ್ತೀವಿ."

"ಏನ್ ಮಾಡಾದು, ನಾನಿಲ್ದೆ ಇವ್ರಿಗೆ ಆಗಕಿಲ್ಲ," ಎಂದು ಗೊಣಗುತ್ತಲೇ ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಓಣಿ ತಿರುಗುವವರೆಗೂ ನೆಟ್ಟಗೆ ನಡೆದು, ಆಮೇಲೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

ವ್ಯಾನಿನಲ್ಲೂ ಆ ಕೈ ಬಿಡಲಿಲ್ಲ. ಕೊರಟಗೆರೆ ದಾಟುವಷ್ಟರಲ್ಲಿ ನನಗೆ ತೂಕಡಿಕೆ ಹತ್ತಿತು.

"ಸ್ವಲ್ಪ ಮನೀಕ್ಕಳವ್ವ," ಎಂದರು. "ಆಸ್ಪತ್ರೆ ಬಂದಾಗ ನಾನು ನೋಡಿ ಎಬ್ಬುಸ್ತೀನಿ."

ನಾನು ಅವರ ಭುಜಕ್ಕೆ ಒರಗಿ ನಿದ್ದೆಹೋದೆ.