ಬಿಟ್ಟಿ ಬಂದ ಪ್ಯಾದೆ

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಹಂಚಿನ ಅಂಗಡಿ ಇಟ್ಟಿದ್ದ ಜಿನಪಾಲ ಸಾವಕಾರರನ್ನು ಏಮಾರಿಸಿದ ಗಿರಾಕಿ ಹುಟ್ಟಿರಲಿಲ್ಲ. ಹಂಚನ್ನು ಉಗುರಿನಿಂದ ಟಣ್ ಎಂದು ಬಾರಿಸಿ, ಬೆಂದದ್ದೋ ಅರೆಬೆಂದದ್ದೋ ಹೇಳಿಬಿಡುತ್ತಿದ್ದರು. ಮನುಷ್ಯರ ವಿಷಯದಲ್ಲಿ ಬಾರಿಸಿ ನೋಡುವ ಪ್ರಸಂಗವೂ ಬರುತ್ತಿರಲಿಲ್ಲ. ಇಂಥವರು ಒಬ್ಬನ ಮುಂದೆ ಮಾತ್ರ ವರ್ಷಗಟ್ಟಲೆ ಅಂಗೈ ತಿಕ್ಕಿಕೊಂಡು ಕೂತರು. ಅವನು ಜಾಂಬೋಟಿ ಕಡೆಯ ಭರಮಣ್ಣ. ಮೊದಲು ಕುರಿ ಕಾಯುತ್ತಿದ್ದ, ಆಮೇಲೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆದ.

ಮಿರಗದ ಮಳೆ ಹಿಡಿಯಿತೆಂದರೆ ಹಂಚು ಕೇಳುವವರಿಲ್ಲ. ಮಾಡು ಹೊದಿಸುವವರು ಬೇಸಿಗೆಯಲ್ಲೇ ಒಯ್ದಿರುತ್ತಾರೆ. ದಸರೆಯವರೆಗೆ ಅಂಗಡಿಯಲ್ಲಿ ಕೂತು ನೊಣ ಹೊಡೆಯಬೇಕು. ನೊಣ ಹೊಡೆಯುವುದು ಸಾವಕಾರರ ಧರ್ಮಕ್ಕೆ ಒಗ್ಗದ್ದರಿಂದ ಅವರು ಬುದ್ಧಿಬಳ, ಅಂದರೆ ಚದುರಂಗ, ಆಡುತ್ತಿದ್ದರು. ಕಾಯಿಗಳೂ ಭಟ್ಟಿಯ ಮಣ್ಣಿನವೇ, ಹಂಚಿನ ಜೊತೆ ಸುಟ್ಟವು. ಕೆಂಪು ಕಾಯಿ ಸಾವಕಾರರಿಗೆ, ಮಸಿ ಬಳಿದ ಕರಿ ಕಾಯಿ ಭರಮಣ್ಣನಿಗೆ. ಕರಿ ಪ್ಯಾದೆ, ಅಂದರೆ ಕಾಲಾಳು, ಒಂದು ಎಲ್ಲೋ ಉರುಳಿ ಹೋದಾಗ, ಅದರ ಬದಲು ಒಡೆದ ಹಂಚಿನ ಚೂರೊಂದನ್ನು ಇಟ್ಟರು.

ಅವರದು ಹಳೆಯ ಕಾಲದ ಆಟ. ಅದರಲ್ಲೊಂದು ಕಟ್ಟಳೆ ಇತ್ತು: ಎದುರಿನವನ ಎಲ್ಲ ಕಾಯಿ ತಿಂದು ಅವನ ರಾಜನೊಬ್ಬನನ್ನೇ ಉಳಿಸಿದರೆ ಆಟ ಅಲ್ಲಿಗೇ ಖತಂ. ಅದಕ್ಕೆ ಬುರ್ಜಿ ಎನ್ನುತ್ತಿದ್ದರು. ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಪೂರಾ ಗೆಲ್ಲಬೇಕೆಂದರೆ ಅವನ ಒಂದು ಪ್ಯಾದೆಯನ್ನಾದರೂ ಜೀವಂತ ಬಿಟ್ಟು ರಾಜನನ್ನು ಕಟ್ಟಿಹಾಕಬೇಕು, ಅಂದರೆ ಮಾತ್ ಮಾಡಬೇಕು.

ಸಾವಕಾರರ ತೊಂದರೆ ಶುರುವಾದದ್ದೇ ಇಲ್ಲಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೇಟೆಯಲ್ಲಿ ಬೆಳೆದ ಕೈ ಅವರದು. ಭರಮಣ್ಣ ಅದನ್ನು ಮೊದಲ ಮಳೆಗಾಲದಲ್ಲೇ ಅಳೆದಿದ್ದ. ಸೋಲು ಹತ್ತಿರ ಬಂತೋ, ತನ್ನ ಕಾಯಿಗಳನ್ನು ಒಂದೊಂದಾಗಿ ಸಾವಕಾರರ ಬಾಯಿಗೆ ಒಡ್ಡುತ್ತಿದ್ದ.

ಮಲಪ್ರಭಾ ಘಾಟಿನ ಮೆಟ್ಟಿಲು ಮುಳುಗಿದ ವರ್ಷ ಒಂದು ಆಟದಲ್ಲಿ ಸಾವಕಾರರ ಬಳಿ ವಜೀರನಿದ್ದ, ಎರಡು ಆನೆಗಳಿದ್ದವು. ಭರಮಣ್ಣನ ಬಳಿ ಆ ಹಂಚಿನ ಚೂರು ಒಂದೇ. ಅದನ್ನು ವಜೀರನ ಎದುರಿಗೆ ಸರಿಸಿ, ಬೀಡಿ ಹಚ್ಚಿದ.

"ಹಸದೀರಿ ಅಂತ ಕಾಣತೈತಿ, ತಗೋರಿ ಸಾವಕಾರ್ರ."

ಕೈ ತಾನಾಗಿ ಹೋಗಿ ತಿಂದುಬಿಟ್ಟಿತು.

"ಬುರ್ಜೀ!" ಎಂದು ಭರಮಣ್ಣ ತೊಡೆ ತಟ್ಟಿದ. "ನಮ್ಮ ಕುರಿ ವಾಸಿರೀ. ಹಸರು ಕಂಡ್ರೂ ಒಮ್ಮೆ ಮೂಸಿ ನೋಡತಾವು."

ಭರಮಣ್ಣ ಪೂರಾ ಗೆದ್ದದ್ದು ಎರಡೂ ಕೈಯ ಬೆರಳಿಗಿಂತ ಹೆಚ್ಚು. ಸಾವಕಾರರದು ಒಂದೂ ಇಲ್ಲ. ಬರೀ ಬುರ್ಜಿ.

ಆಮೇಲೆ ಹಂಚು ಹೋಗಿ ತಗಡು ಬಂತು, ತಗಡು ಹೋಗಿ ಸ್ಲ್ಯಾಬು ಬಂತು. ಆರು ವರ್ಷದ ಹಿಂದೆ ಸಾವಕಾರರು ಅಂಗಡಿ ಮುಚ್ಚಿ, ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮಗ ಪಾರ್ಶ್ವ ಕಟ್ಟಿಸಿದ ಮನೆಗೆ ಬಂದರು. ಜನ್ಮವಿಡೀ ಊರಿಗೆಲ್ಲ ಹಂಚು ಮಾರಿದವರ ತಲೆಯ ಮೇಲೆ ಈಗ ಒಂದು ಹಂಚೂ ಇಲ್ಲ. ಜೊತೆಗೆ ತಂದದ್ದು ಕಾಯಿಗಳ ಡಬ್ಬಿ ಮಾತ್ರ. ಮಳೆಗಾಲ ಬಂದಾಗ ಅದನ್ನು ತೆಗೆದು ಒರೆಸುವರು, ಮತ್ತೆ ಇಡುವರು.

ಈ ಶ್ರಾವಣದಲ್ಲಿ ಭರಮಣ್ಣ ನೆಹರು ನಗರದ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ. ಕೊನೆಯ ತಪಾಸಣೆ ಮುಗಿಸಿ, ಕರಿ ಕನ್ನಡಕ ಹಾಕಿಕೊಂಡೇ ಸಾವಕಾರರ ಮನೆಗೆ ಬಂದ.

"ಬಾ ಭರಮಣ್ಣ, ಕುಂದರು. ಏನಂದ್ರು?"

"ಕಣ್ಣ ಛಲೋ ಆಗ್ಯಾವ, ಇನ್ನ ಬರಬ್ಯಾಡ ಅಂದ್ರು. ನಾಕರ ಬಸ್ಸಿಗೆ ಹೊಂಟೇನ್ರಿ."

ಸಾವಕಾರರು ಗಡಿಯಾರ ನೋಡಿದರು. ಎರಡು ಗಂಟೆ. ಕಣ್ಣು ಛಲೋ ಆದ ಮೇಲೆ ಇವನು ಬೆಳಗಾವಿಗೆ ಮತ್ತೆ ಬರುವುದು ಯಾವ ನೆಪಕ್ಕೆ? ಒಂದೇ ಒಂದು ಪೂರಾ ಗೆಲುವು ಬೇಕಿದ್ದರೆ ಈ ಎರಡು ತಾಸಿನಲ್ಲೇ ಆಗಬೇಕು. ಅವರು ಡಬ್ಬಿ ತಂದು, ಚೌಕಗಳ ಪಟ ಹರವಿ ಕಾಯಿ ಜೋಡಿಸಿದರು.

ಸೊಸೆ ಪೂನಮ್ ಚಹಾ ತಂದವಳು ಅಲ್ಲೇ ನಿಂತಳು. ಕಾಲೇಜಿನಲ್ಲಿ ಚೆಸ್ ಆಡಿ ಕಪ್ ಗೆದ್ದ ಹುಡುಗಿ ಅವಳು.

ಮೂರೂವರೆಗೆ ಭರಮಣ್ಣನ ರಾಜ ಮೂಲೆ ಸೇರಿದ್ದ. ಜೊತೆಗೆ ಉಳಿದದ್ದು ಅದೇ ಹಂಚಿನ ಚೂರು. ಸಾವಕಾರರ ಬಳಿ ರಾಜ, ಒಂದು ಆನೆ. ಭರಮಣ್ಣ ಎರಡೂ ರಾಜರನ್ನು ಒಮ್ಮೆ ನೋಡಿ, ಚೂರನ್ನು ಒಂದು ಮನೆ ಮುಂದೆ ತಳ್ಳಿ, ಆನೆಯ ಸಾಲಿಗೆ ತಂದಿಟ್ಟ.

"ತಗೋರಿ ಸಾವಕಾರ್ರ. ದೂರದಿಂದ ಬಂದೇನಿ, ಬರಿಗೈಲೆ ಬರಬಾರದಲ್ಲ?"

"ತಗೋರಿ ಮಾಮಾ!" ಎಂದಳು ಪೂನಮ್. "ಬುರ್ಜಿ ಗಿರ್ಜಿ ಈಗಿನ ಕಾನೂನಿನಾಗ ಇಲ್ಲ. ಪ್ಯಾದಿ ಹೋತಂದ್ರ ಆಟ ನಿಮ್ಮದ."

"ಹೊಸ ಕಾನೂನು ನನಗ ತಿಳಿಯಂಗಿಲ್ಲ ತಂಗಿ," ಎಂದ ಭರಮಣ್ಣ. "ಸಾವಕಾರ್ರು ಹೆಂಗ ಅಂತಾರ ಹಂಗ."

ಸಾವಕಾರರ ಕೈ ಆನೆಯ ಮೇಲೆ ಹೋಗಿ ಗಾಳಿಯಲ್ಲೇ ನಿಂತಿತು. ಸೊಸೆಯ ಕಾನೂನಿನಿಂದ ಗೆದ್ದರೆ ಅದು ಇನ್ನೊಬ್ಬರ ಮಾಲಿಗೆ ತಮ್ಮ ಛಾಪು ಹೊಡೆದಂತೆ. ಕರಿ ಮಸಿ ಅರ್ಧ ಉದುರಿದ ಆ ಚೂರು ತಮ್ಮದೇ ಅಂಗಡಿಯದು. ಇದನ್ನು ಎಷ್ಟು ಮಳೆಗಾಲ ತಿಂದಿಲ್ಲ ತಾವು! ಒಮ್ಮೆಯಾದರೂ ಹೊಟ್ಟೆ ತುಂಬಿತೇ?

ಲೆಕ್ಕ ಹಾಕಿದರು. ಚೂರು ಕೊನೆಯ ಮನೆ ಮುಟ್ಟಿ ವಜೀರನಾಗಲು ಎರಡು ನಡೆ. ತಮಗೆ ಮಾತ್ ಮಾಡಲು ಎರಡು ನಡೆ. ಪಾಳಿ ತಮ್ಮದು.

ಆನೆ ಬಿಟ್ಟು, ತಮ್ಮ ರಾಜನನ್ನು ಒಂದು ಮನೆ ಬಾಜುವಿಗೆ, ಭರಮಣ್ಣನ ರಾಜನ ಹತ್ತಿರಕ್ಕೆ ಸರಿಸಿದರು.

"ಅಯ್ಯ ಮಾಮಾ, ಬಿಟ್ಟಿ ಪ್ಯಾದಿ—" ಎಂದವಳು ಪಟವನ್ನು ಇನ್ನೊಮ್ಮೆ ಬಗ್ಗಿ ನೋಡಿದಳು.

"ನಿನ್ನ ಕಾನೂನಿನಾಗೂ ಇದ ಛಲೋ ನಡಿ ಹೌದಲ್ಲ ಪೂನಮ್?"

"ಹೌದ್ರಿ," ಎಂದಳು ಮೆಲ್ಲಗೆ.

ಭರಮಣ್ಣ ಕರಿ ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದ. ಪಟವನ್ನಲ್ಲ, ಸಾವಕಾರರ ಮುಖವನ್ನು.

"ವ್ಯಾಪಾರ ಬಿಟ್ರೇನ್ರೀ ಸಾವಕಾರ್ರ?"

"ಬಿಟ್ಟು ಆರು ವರ್ಷ ಆತಲ್ಲೋ."

"ಆವಾಗ ಅಂಗಡಿ ಬಿಟ್ಟಿದ್ರಿ. ವ್ಯಾಪಾರ ಬಿಟ್ಟಿದ್ದು ಇವತ್ತ."

ಅಂದು, ಮುಂದೇನಿದೆ ಎಂದು ಗೊತ್ತಿದ್ದೂ ಚೂರನ್ನು ಇನ್ನೊಂದು ಮನೆ ತಳ್ಳಿದ. ಸಾವಕಾರರ ಆನೆ ನೇರ ಹೋಗಿ ಅವನ ರಾಜನ ಸಾಲಿನಲ್ಲಿ ನಿಂತಿತು. "ಮಾತ್," ಎನ್ನುವ ರೂಢಿಯಿಲ್ಲದ ಶಬ್ದ ಮೊದಲ ಸಲ ಅವರ ಬಾಯಿಂದ ಹೊರಬಂತು.

ಹೊರಗೆ ಮಳೆ ಬರುತ್ತಿತ್ತು. ಖಾನಾಪುರದಲ್ಲಾಗಿದ್ದರೆ ಹಂಚಿನ ಮೇಲಿನ ಸದ್ದಿಗೆ ಈ ಮಾತನ್ನು ಕೂಗಿ ಹೇಳಬೇಕಾಗುತ್ತಿತ್ತು. ಸ್ಲ್ಯಾಬಿನ ಕೆಳಗೆ ಮೆಲ್ಲಗೆ ಅಂದರೂ ಸಾಕಾಯಿತು. ಅದೊಂದು ಸಾವಕಾರರಿಗೆ ಸರಿ ಬರಲಿಲ್ಲ. ಆಟವನ್ನು ಗೆದ್ದಾಯಿತು, ಕೂಗಬೇಕಾದ ಅಂಗಡಿಯಿಲ್ಲ.

ಪೂನಮ್ ಗಡಿಯಾರ ತೋರಿಸಿದಳು. "ಕಾಕಾ, ನಿಮ್ಮ ಬಸ್ಸು."

ಭರಮಣ್ಣ ಆಗಲೇ ಪಟವನ್ನು ತಿರುಗಿಸುತ್ತಿದ್ದ.

"ಅದರ ಹಿಂದ ಐದೂವರಿದು ಒಂದ ಐತಿ ತಂಗಿ. ಈ ಸಲ ಕೆಂಪ ಕಾಯಿ ನನಗ. ಕರೇವು ನೀವು ತಗೋರಿ ಸಾವಕಾರ್ರ. ಗೆದ್ದವರ ಮನ್ಯಾಗಿಂದ ಹಂಗ ಎದ್ದ ಹೋಗಾಕ ಆಕ್ಕೈತೇನ್ರಿ?"

ಸಾವಕಾರರು ಕರಿ ಕಾಯಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಹಂಚಿನ ಚೂರು ಇದೇ ಮೊದಲ ಸಲ ಅವರ ಪಾಲಿಗೆ ಬಂದಿತ್ತು. ಸಾಲಿನಲ್ಲಿ ಇಡುವ ಮುಂಚೆ ಅದನ್ನು ಉಗುರಿನಿಂದ ಒಮ್ಮೆ ಬಾರಿಸಿದರು.

ಟಣ್. ಚೆನ್ನಾಗಿ ಬೆಂದ ಮಾಲು.