ಮೂರನೇ ಹಾಳೆ

ಮತ್ತೋಡಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಎಂಟನೇ ತರಗತಿಗೆ ಬರುವ ಮಕ್ಕಳಿಗೆ ಅಕ್ಷರ ಗೊತ್ತಿರುತ್ತದೆ, ಗಟ್ಟಿಯಾಗಿ ಓದಲೂ ಬರುತ್ತದೆ. ಓದಿ ಮುಗಿಸಿದ ಮೇಲೆ "ಏನು ಹೇಳಿದೆ ಇದರಲ್ಲಿ?" ಎಂದು ಕೇಳಿದರೆ ಮಾತ್ರ ಮತ್ತೆ ಮೊದಲಿನಿಂದ ಓದಲು ಶುರು ಮಾಡುತ್ತಾರೆ. ಹಾಗಾಗಿ ಪ್ರತಿ ವರ್ಷ ಶಾಲೆ ತೆರೆದ ಹೊಸತರಲ್ಲಿ ಅವರಿಗೆ ಒಂದು ಅಭ್ಯಾಸ ಮಾಡಿಸುತ್ತೇನೆ. ಬೋರ್ಡಿನ ಮೇಲೆ ಏಳೆಂಟು ವಾಕ್ಯ ಬರೆಯುತ್ತೇನೆ. ಅದರಲ್ಲಿ ಮುಖ್ಯ ವಿಚಾರ ಯಾವುದು, ಅದಕ್ಕೆ ಆಸರೆಯಾದ ವಿವರಗಳು ಯಾವುವು ಎಂದು ಅವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಬೇಕು. ಅನುಮಾನ ಬಂದವರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಒಂದು ವಾಕ್ಯವನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಉಳಿದ ಮಾತುಗಳೆಲ್ಲ ಯಾಕೆ ಬಂದವು ಎಂದೇ ತಿಳಿಯದೆ ಹೋದರೆ, ನೀವು ಮುಚ್ಚಿದ್ದೇ ಮುಖ್ಯ ವಿಚಾರ.

ನನ್ನ ಅಕ್ಕ ಇಂಥ ಪಾಠಕ್ಕೆ ಕೂತವಳಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಕೂಲಿಗೆ ಹೋಗುವಾಗ ಕೂಸಾಗಿದ್ದ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಅವಳು ಉಳಿದಳು. ಮದುವೆಯಾಗಿ ಬಿ.ದುರ್ಗಕ್ಕೆ ಹೋದ ಮೇಲೆ ಹೊಲಿಗೆ ಕಲಿತಳು. ಮೂವತ್ತು ವರ್ಷಗಳಲ್ಲಿ ಸುತ್ತಲ ಊರುಗಳ ಹೆಂಗಸರಲ್ಲಿ ಅವಳ ಕೈಯ ರವಿಕೆ ತೊಡದವರು ಕಡಿಮೆ. ಭಾವ ಹೊಲ ನೋಡಿಕೊಂಡಿರುವವರು, ಮಾತು ಕಡಿಮೆ. ಒಬ್ಬಳೇ ಮಗಳನ್ನು ಜವನಗೊಂಡನಹಳ್ಳಿಗೆ ಕೊಟ್ಟಿದ್ದಾರೆ.

ಹೋದ ವರ್ಷ ಬೇಸಿಗೆಯಿಂದ ಅಕ್ಕನಿಗೆ ಹೊಟ್ಟೆನೋವು. ಬೆನ್ನಿನ ತನಕ ಹೋಗುತ್ತೆ ಎನ್ನುತ್ತಿದ್ದಳು. ತನ್ನದೇ ರವಿಕೆಗಳನ್ನು ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡಿದ್ದಳು, ಅದನ್ನು ನನಗೆ ನಗುತ್ತಾ ಹೇಳಿದ್ದಳು. ಹೊಳಲ್ಕೆರೆಯ ಡಾಕ್ಟರು ರಕ್ತಪರೀಕ್ಷೆಗೂ ಸ್ಕ್ಯಾನಿಂಗಿಗೂ ಚೀಟಿ ಬರೆದುಕೊಟ್ಟರು. ಒಂದು ಶನಿವಾರ ನಾನು ಹೊಸದುರ್ಗದ ನನ್ನ ಮನೆಯಿಂದ, ಅವಳು ಬಿ.ದುರ್ಗದಿಂದ ಹೊರಟು ಹೊಳಲ್ಕೆರೆಯಲ್ಲಿ ಸೇರಿ ಚಿತ್ರದುರ್ಗದ ಬಸ್ಸು ಹತ್ತಿದೆವು.

ಅಲ್ಲಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟು ಕೈಗೆ ಬರುವಾಗ ಮೂರು ಗಂಟೆ. ಕೊಟ್ಟ ಹುಡುಗಿ, "ನಿಮ್ಮ ಡಾಕ್ಟ್ರಿಗೇ ತೋರಿಸ್ರಿ" ಎಂದಳು. ನಮ್ಮ ಡಾಕ್ಟರು ಹೊಳಲ್ಕೆರೆಗೆ ಬರುವುದು ಇನ್ನು ಗುರುವಾರವೇ. ಅಕ್ಕ ಲಕೋಟೆಯನ್ನು ತೆರೆಯದೆ ನನ್ನ ತೊಡೆಯ ಮೇಲಿಟ್ಟಳು.

"ನೀನು ಓದಿದೋಳು. ಏನೈತೆ ನೋಡಿ ಹೇಳು."

ಗೋಡೆಗೆ ತಾಗಿಸಿದ್ದ ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಕೂತಿದ್ದೆವು. ನಾಲ್ಕು ಹಾಳೆ, ಎಲ್ಲ ಇಂಗ್ಲಿಷು. ಮೊದಲಿನ ಎರಡು ರಕ್ತದ್ದು. ಮೂರನೆಯದು ಸ್ಕ್ಯಾನಿಂಗಿನದು. ಒಂದೊಂದು ಅಂಗಕ್ಕೂ ಒಂದೊಂದು ಸಾಲು ಇತ್ತು, ಕೊನೆಯಲ್ಲಿ ದಪ್ಪ ಅಕ್ಷರದ ಒಂದು ತಲೆಬರಹ, ಅದರ ಕೆಳಗೆ ಮೂರು ಸಾಲು. ವಿವರಗಳೆಲ್ಲ ಮೇಲೆ, ಸಾರ ಕೆಳಗೆ. ಆ ಮೂರು ಸಾಲಿನಲ್ಲಿ ಒಂದು ಪದ ನನಗೆ ಗೊತ್ತಿರಲಿಲ್ಲ. ಮಿಕ್ಕ ಪದಗಳು ಗೊತ್ತಿದ್ದವು. ಹೊಟ್ಟೆಯೊಳಗಿನ ಒಂದು ಗ್ರಂಥಿಯಲ್ಲಿ ಗಡ್ಡೆ ಇದೆ, ಅದು ಆಗಲೇ ಯಕೃತ್ತಿಗೆ ಹಬ್ಬಿರುವ ಹಾಗೆ ಕಾಣುತ್ತದೆ ಎಂದು ಬರೆದಿತ್ತು. ನಾಲ್ಕನೇ ಹಾಳೆಯಲ್ಲಿ, ಈ ವರದಿಯನ್ನು ವೈದ್ಯರ ಸಲಹೆಯ ಜೊತೆಗೇ ನೋಡಬೇಕು ಎಂಬಂಥ ಮಾತುಗಳು.

ನಾನು ಹಾಳೆಗಳನ್ನು ಮಡಿಚಿದೆ.

"ರಕ್ತ ಕಡಿಮೆ ಐತೆ. ಸಕ್ಕರೆ ಒಂಚೂರು ಜಾಸ್ತಿ. ಕಿಡ್ನೀಲಿ ಕಲ್ಲಿಲ್ಲ. ಅಪೆಂಡಿಕ್ಸಿಗೂ ಏನೂ ಆಗಿಲ್ಲ" ಎಂದೆ. ಎಲ್ಲವೂ ಆ ಹಾಳೆಗಳಲ್ಲಿ ಇದ್ದದ್ದೇ. ಒಂದೂ ಸುಳ್ಳಲ್ಲ.

"ಮತ್ತೆ ನೋವು ಯಾಕಂತೆ?"

"ಅದನ್ನ ಡಾಕ್ಟ್ರೇ ಹೇಳ್ಬೇಕು, ಗುರುವಾರ."

"ಸರಿ ಬಿಡು. ಹೋಗಾಣ ನಡಿ. ಲೈನಿಂಗ್ ಬಟ್ಟೆ ತಗಬೇಕು ನಾನು."

ಅಂಗಡಿಯಲ್ಲಿ ಅವಳು ಅರ್ಧ ಗಂಟೆ ಬಣ್ಣ ಹೊಂದಿಸಿದಳು. ಬಟ್ಟೆಯ ಥಾನುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ನನಗೆ ಏನೂ ಆಗುತ್ತಿರಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ, ಕಣ್ಣು ತುಂಬಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ನನ್ನದು ಪೂರ್ತಿ ಖಾಲಿ ಆಯಿತು. ಅವಳು ಎರಡು ತುತ್ತು ತಿಂದು ತನ್ನದನ್ನೂ ನನ್ನ ಕಡೆ ತಳ್ಳಿದಳು, ಅದನ್ನೂ ತಿಂದೆ. ಹೊಳಲ್ಕೆರೆಯಲ್ಲಿ ಇಳಿದು ಅವಳು ಬಿ.ದುರ್ಗದ ಬಸ್ಸಿಗೆ ಹೋದಳು. ಲಕೋಟೆಯನ್ನು ನಾನೇ ಇಟ್ಟುಕೊಂಡೆ. ಗುರುವಾರ ತರುತ್ತೇನೆ ಎಂದೆ, ಅವಳು ಬೇಡ ಎನ್ನಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, "ನಿಮ್ಮಕ್ಕನಿಗೆ ಗೊತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಡಾಕ್ಟರು ಹೇಳುವುದನ್ನು ನಾನು ಯಾಕೆ ಹೇಳಲಿ ಎಂದೂ ಅಂದೆ. ಅದು ನನಗೆ ಆಗ ನ್ಯಾಯವಾದ ಮಾತು ಎಂದೇ ಅನ್ನಿಸಿತ್ತು.

ಸೋಮವಾರ ಎಂಟನೇ ತರಗತಿಗೆ ಅದೇ ಅಭ್ಯಾಸದ ಸರದಿ. ರಜೆ ಹಾಕಬಹುದಿತ್ತು, ಹಾಕಲಿಲ್ಲ. ಬೋರ್ಡಿನ ಮೇಲೆ ಬರೆದೆ: ಒಂದು ಊರಿನಲ್ಲಿ ಒಂದು ಬಾವಿ ಇತ್ತು, ಅದಕ್ಕೆ ಹದಿನೆಂಟು ಮೆಟ್ಟಿಲು, ನೀರು ಸಿಹಿ, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ಅದಕ್ಕೇ ಸುತ್ತಲ ಮೂರು ಹಳ್ಳಿಗಳ ಜನ ಅದನ್ನೇ ನಂಬಿದ್ದರು, ಬಾವಿಕಟ್ಟೆಯ ಮೇಲೆ ಒಬ್ಬ ಅಜ್ಜಿ ಬಿದಿರು ಬುಟ್ಟಿ ಹೆಣೆಯುತ್ತಾ ಕೂತಿರುತ್ತಿದ್ದಳು. ಮೂರು ಹಳ್ಳಿಗಳ ಜನ ಬಾವಿಯನ್ನು ನಂಬಿದ್ದರು ಎಂಬುದು ಮುಖ್ಯ ವಿಚಾರ. ಅಜ್ಜಿಯನ್ನು ನಾನು ಬೇಕೆಂದೇ ಸೇರಿಸುತ್ತೇನೆ, ಅವಳನ್ನು ತೆಗೆದರೆ ಏನೂ ಕೆಡುವುದಿಲ್ಲ.

ಎರಡನೇ ಸಾಲಿನ ಹುಡುಗಿಯೊಬ್ಬಳು ಅಜ್ಜಿಗೇ ಗೆರೆ ಎಳೆದಿದ್ದಳು. ಅದೂ ಎರಡು ಗೆರೆ.

"ಇದು ಮುಖ್ಯ ವಿಚಾರ ಹೆಂಗಾಗುತ್ತೆ?" ಎಂದೆ.

"ಬಾವಿ ಎಲ್ಲಾ ಊರಾಗೂ ಅವೆ ಮಿಸ್. ಆ ಅಜ್ಜಿ ಇಲ್ಲಿ ಮಾತ್ರ ಅವಳೆ."

ಬೇರೆ ವರ್ಷವಾಗಿದ್ದರೆ ನಾನು ನಗುತ್ತಿದ್ದೆ, ಅವಳ ಬೆನ್ನು ತಟ್ಟುತ್ತಿದ್ದೆ, ಯಾಕೆ ತಪ್ಪು ಎಂದು ಹತ್ತು ನಿಮಿಷ ಬಿಡಿಸಿ ಹೇಳುತ್ತಿದ್ದೆ. ಅವತ್ತು ಕೆಂಪು ಪೆನ್ನಿನಿಂದ ತಪ್ಪು ಹಾಕಿ ಮುಂದಿನ ಬೆಂಚಿಗೆ ಹೋದೆ. ಹುಡುಗಿ ರಬ್ಬರು ತೆಗೆದು ಉಜ್ಜುವ ಸದ್ದು ಕೇಳಿಸಿತು. ನಲವತ್ತೊಂದು ನೋಟ್‌ಬುಕ್ ನೋಡಿ ಮುಗಿಸಿದೆ.

ಮಂಗಳವಾರ ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಿರುವಾಗ ಅಕ್ಕನ ಫೋನು ಬಂತು. ಊಟ ಆಯ್ತಾ, ಮಳೆ ಬಂತಾ ಎಂದು ಏನೂ ಕೇಳಲಿಲ್ಲ.

"ಮೂರನೇ ಹಾಳೇಲಿ ಏನಿತ್ತು?"

"ಯಾವ ಹಾಳೆ?"

"ಲೇ, ನಾಟಕ ಮಾಡಬ್ಯಾಡ. ನಾಕು ಹಾಳೆ ಇದ್ವು. ಮೊದ್ಲೆರಡು ಬೇಗ ಬೇಗ ಓದಿದೆ. ಕೊನೇದು ಓದ್ಲೇ ಇಲ್ಲ, ಹಂಗೇ ತಿರುಗಿಸಿದೆ. ಮೂರನೇದ್ರ ಮೇಲೆ ಎಷ್ಟು ಹೊತ್ತು ಕುಂತಿದ್ದೆ ಗೊತ್ತಾ? ನಂಗೆ ಇಂಗ್ಲಿಷ್ ಬರಲ್ಲ, ನಿನ್ನ ಮುಖ ಬರುತ್ತೆ. ಆ ಹಾಳೆ ತಳದಾಗೆ ನಿನ್ನ ಕಣ್ಣು ನಿಂತೋತು. ಅಲ್ಲೇನಿತ್ತು?"

ನಾನು ಹತ್ತಬೇಕಿದ್ದ ಬಸ್ಸು ಬಂದು ನಿಂತು ಹೊರಟೇಹೋಯಿತು.

"ನಾಳೆ ಬರ್ತೀನಿ" ಎಂದೆ.

"ಹಾಳೆ ತಗಂಡು ಬಾ" ಎಂದು ಇಟ್ಟಳು.

ಬುಧವಾರ ರಜೆ ಹಾಕಿ ಬಿ.ದುರ್ಗಕ್ಕೆ ಹೋದೆ. ಭಾವ ಬಾಗಿಲಲ್ಲೇ ಇದ್ದರು. "ಬಾರಮ್ಮ, ಕುಂತ್ಕ" ಎಂದು ಹೇಳಿ, ಹೊಲಕ್ಕೆ ಹೋಗದೆ ಪಡಸಾಲೆಯ ಮೂಲೆಯಲ್ಲಿ ತಾವೂ ಕೂತರು. ಅಕ್ಕ ಹೊಲಿಗೆ ಮಿಷನ್ನಿನ ಮುಂದಿನ ಸ್ಟೂಲಿನಲ್ಲೇ ಇದ್ದಳು. ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಅಲ್ಲಿ ಹಾಳೆ ಇಡಲು ಜಾಗ ಮಾಡಿದಳು.

"ಮೊದ್ಲಿಂದ ಓದು. ಒಂದೂ ಬಿಡಬ್ಯಾಡ."

ಓದಿದೆ. ಒಂದೊಂದು ಸಾಲಿಗೂ ಅವಳು ಕನ್ನಡ ಕೇಳಿದಳು, ಹೇಳಿದೆ.

"ಗುಲ್ಮ ಅಂದ್ರೆ?"

"ಎಡಗಡೆ ಪಕ್ಕೆ ಕೆಳಗಿರುತ್ತೆ. ಚೆನ್ನಾಗೈತಂತೆ."

"ಕಿಡ್ನಿ?"

"ಎರಡೂ ಚೆನ್ನಾಗವೆ."

"ಗರ್ಭಕೋಶ?"

"ಅದೂ."

"ಎಲ್ಲಾ ಚೆನ್ನಾಗಿರೋದನ್ನ ಇಷ್ಟು ಉದ್ದ ಬರೀತಾರಾ?" ಎಂದಳು. ಆಮೇಲೆ ಕೆಳಗಿನ ಮೂರು ಸಾಲಿಗೆ ಬಂದೆವು. ನಾನು ಅದನ್ನು ಮೊದಲು ಇಂಗ್ಲಿಷಿನಲ್ಲಿ ಓದಿದೆ. ಹಾಗೆ ಓದುವ ಅಗತ್ಯ ಇರಲಿಲ್ಲ, ಆದರೂ ಓದಿದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. ನನ್ನ ದನಿ ಪಾಠ ಹೇಳುವಾಗಿನ ದನಿಯೇ ಆಗಿತ್ತು. ಭಾವ ಎದ್ದು ಹಿತ್ತಲಿಗೆ ಹೋದರು.

ಅಕ್ಕ ಅಳಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ಆಡಿಸುತ್ತಿದ್ದಳು.

"ಶನಿವಾರನೇ ಗೊತ್ತಿತ್ತು ನಿಂಗೆ."

"ಹೂಂ."

"ಕಿಡ್ನೀಲಿ ಕಲ್ಲಿಲ್ಲ ಅಂದೆ."

"ಹೂಂ."

"ಸಾಯೋದಕ್ಕೆ ಸಿಟ್ಟಿಲ್ಲ ಕಣೇ ನಂಗೆ. ಊರೋರೆಲ್ಲ ನನ್ನನ್ನ ಓದದೋಳು ಅಂತಾರೆ, ಅನ್ಲಿ. ನೀನೂ ಹಂಗೇ ಅಂದ್ಕಂಡೆ. ಇವಳಿಗೆ ನಾಕು ಮಾತು ಹೇಳಿದ್ರೆ ಸಾಕು, ಬಾಕಿ ಗೊತ್ತಾಗಲ್ಲ ಅಂತ."

ಹಾಗಲ್ಲ ಅಕ್ಕ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ. ನನ್ನ ಒಳಗೆ ಹುಡುಕಿದೆ. ತಪ್ಪು ಮಾಡಿದೆ ಎಂಬುದು ಗೊತ್ತಿತ್ತು, ಆದರೆ ಗೊತ್ತಿದ್ದದ್ದಕ್ಕೂ ನನಗೂ ನಡುವೆ ಏನೋ ದಪ್ಪ ಬಟ್ಟೆ ಎಳೆದ ಹಾಗಿತ್ತು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಅದನ್ನೂ ಇನ್ಯಾರದೋ ಮಾತನ್ನು ಓದುವಂತೆ ಹೇಳಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಅನ್ನಕ್ಕಿಟ್ಟಳು. ಉಂಡೆವು.

ಗುರುವಾರ ಡಾಕ್ಟರು ಹೇಳಿದ್ದೂ ಅದೇ. ಅವರು ಸುತ್ತಿ ಬಳಸಿ ಬರುವಾಗ ಅಕ್ಕ, "ಮೂರನೇ ಹಾಳೆ ನಂಗೆ ಗೊತ್ತೈತೆ ಸಾರ್, ಮುಂದಿಂದು ಹೇಳ್ರಿ" ಎಂದಳು. ಅವರು ನನ್ನ ಮುಖ ನೋಡಿ ಅವಳ ಕಡೆ ತಿರುಗಿ ಕೂತರು. ಅಲ್ಲಿಂದ ಮುಂದೆ ಎಲ್ಲವನ್ನೂ ಅವಳಿಗೇ ಹೇಳಿದರು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಆಪರೇಷನ್ ಆಗುವ ಹಂತ ದಾಟಿದೆ ಎಂದರು. ಎರಡು ಸಲ ಔಷಧಿ ಏರಿಸಿದ ಮೇಲೆ ಅಕ್ಕ ಸಾಕು ಎಂದಳು. ಮಗಳು ಅತ್ತಳು, ಭಾವ ಬೇಡಿಕೊಂಡರು. ಅವಳು ಕೇಳಲಿಲ್ಲ.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಆಸ್ಪತ್ರೆಯ ಕಾಗದ ಯಾವುದೇ ಬರಲಿ, ಓದುವಾಗ ಅವಳು ಹಾಳೆ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎಲ್ಲಿ ತಡೆಯುತ್ತೇನೋ ಅಲ್ಲಿ, "ಹಾಂ, ಅದು" ಎನ್ನುತ್ತಿದ್ದಳು. ಕೆಲವು ಸಲ ನಾನು ಸುಮ್ಮನೆ ಉಸಿರು ತೆಗೆದುಕೊಳ್ಳಲು ನಿಂತಿರುತ್ತಿದ್ದೆ. ಅದನ್ನು ಹೇಳಿದರೆ ನಂಬುತ್ತಿರಲಿಲ್ಲ. ಆ ಶನಿವಾರದ ಬಗ್ಗೆ ಮತ್ತೆ ಎತ್ತಲಿಲ್ಲ. ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ತಲೆ ಬಾಚಿಕೊಡು ಎನ್ನುತ್ತಿದ್ದಳು, ಬಾಚುತ್ತಿದ್ದೆ.

ದೀಪಾವಳಿಗೆ ಎಂಟು ದಿನ ಇರುವಾಗ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡಳು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಮುಖ್ಯೋಪಾಧ್ಯಾಯರು ಬಾಗಿಲಿಗೆ ಬಂದು ಕರೆದರು. ವಾಕ್ಯ ಮುಗಿಸಿ ಹೊರಗೆ ಬಂದೆ. ಬಿ.ದುರ್ಗದಲ್ಲಿ ಹೆಂಗಸರೆಲ್ಲ ನನ್ನನ್ನು ತಬ್ಬಿ ಅತ್ತರು, ನಾನು ಅವರ ಬೆನ್ನು ಸವರಿದೆ. "ಗಟ್ಟಿ ಹೆಣ್ಣುಮಗಳು" ಎಂದು ಯಾರೋ ಅಂದರು. ಗಟ್ಟಿಯೇನೂ ಇರಲಿಲ್ಲ. ಏನೂ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮರುದಿನ ನಾನೂ ಅಕ್ಕನ ಮಗಳೂ ಮಿಷನ್ನಿನ ಪಕ್ಕದ ಟ್ರಂಕು ತೆಗೆದೆವು. ಹೊಲಿಯಲು ಕೊಟ್ಟ ಬಟ್ಟೆಗಳು ಹನ್ನೊಂದು ಗಂಟಾಗಿ ಇದ್ದವು. ಒಂದೊಂದಕ್ಕೂ ಗುಂಡುಪಿನ್ನಿನಿಂದ ಚೀಟಿ ಚುಚ್ಚಿತ್ತು. ಹೆಸರು ಬರೆಯುವ ಅಭ್ಯಾಸ ಅವಳಿಗಿರಲಿಲ್ಲ. "ಹಾಲಿನ ಮನೆ ಸೊಸೆ. ತೋಳು ಎಂಟು. ಹಿಂದೆ ಕತ್ತು ದುಂಡು. ಎಡ ಭುಜ ಇಳಿಜಾರು, ಅವಳಿಗೆ ಹೇಳಬಾರದು." ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದವು. ಎದೆ, ಸೊಂಟ, ತೋಳು, ಕತ್ತು, ಅಳತೆಗಳೆಲ್ಲ ಇದ್ದವು. ಸುದ್ದಿ ಹೋಗಿ ಒಬ್ಬೊಬ್ಬರೇ ಬಂದು ತಮ್ಮ ಗಂಟು ಒಯ್ದರು. ಚೀಟಿ ನೋಡಿ ಇದು ನಿಮ್ಮದು ಎಂದು ಮಗಳು ಎತ್ತಿಕೊಡುತ್ತಿದ್ದಳು.

ಒಬ್ಬಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿಂಜರಿಯುತ್ತಾ ನಿಂತಳು. ತನ್ನ ಮಗಳ ನಿಶ್ಚಿತಾರ್ಥ ಮುಂದಿನ ವಾರವಂತೆ. ರವಿಕೆ ಕತ್ತರಿಸಿಯಾಗಿತ್ತು, ಹೊಲಿದಿರಲಿಲ್ಲ. "ಈಗ ಇದನ್ನ ಕೇಳಬಾರದು ನಾನು" ಎಂದಳು.

"ಕೊಡ್ರಿ, ಹೊಲಿಸಿಕೊಡ್ತೀನಿ" ಎಂದು ನಾನೇ ತೆಗೆದುಕೊಂಡೆ.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ವಯಸ್ಸಾದ ಟೈಲರ್ ಇದ್ದಾರೆ. ತುಂಡುಗಳನ್ನು ಹರಡಿ, ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು.

"ಕತ್ತರಿಸಿದೋರೇ ಯಾಕೆ ಹೊಲೀಲಿಲ್ಲ?"

"ತೀರಿಕೊಂಡ್ರು."

ಅವರು ಚೀಟಿಯನ್ನು ಮತ್ತೆ ಬಟ್ಟೆಗೆ ಚುಚ್ಚಿಟ್ಟರು. "ಅಳತೆ ಸರಿಯಾಗೈತೆ. ಬುಧವಾರ ಬರ್ರಿ" ಎಂದರು.

ಬುಧವಾರ ಶಾಲೆ ಮುಗಿಸಿಕೊಂಡು ಹೋಗಿ ರವಿಕೆ ತೆಗೆದುಕೊಂಡು, ಆಕೆಯ ಮನೆಗೆ ಒಯ್ದುಕೊಟ್ಟೆ. ಆಕೆಯ ಮಗಳು ಅದನ್ನು ಒಳಗೆ ಹೋಗಿ ತೊಟ್ಟು ಬಂದು, ತೋಳೆತ್ತಿ ಇಳಿಸಿ ನೋಡಿದಳು. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸಡಿಲ ಇರಲಿಲ್ಲ. ಕಾಫಿ ಕುಡಿದು ಹೋಗ್ರಿ ಎಂದರು. ಕುಡಿದು, ಹೊಸದುರ್ಗದ ಕಡೆ ಹೋಗುವ ಬಸ್ಸು ಹಿಡಿದೆ.