ನೀರೊಳಗಿನ ಬೀಜ ಮತ್ತು ಗಿರಣಿ ಮನೆಯ ವೈನಿ

ವೈನಿಯ ಎಡ ಮಣಿಕಟ್ಟಿನಲ್ಲಿ ಹಸಿರು ಬಳೆಗಳ ಜೊತೆ ಯಾವಾಗಲೂ ಎರಡು ಮೂರು ರಬ್ಬರ್ ಬ್ಯಾಂಡ್ ಇರುತ್ತಿದ್ದವು. ಬೀಜ ಹಾಕಿದ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯಲು ಬೇಕಾದವು. ಅವುಗಳ ಬಿಗಿತಕ್ಕೆ ಚರ್ಮದ ಮೇಲೆ ತೆಳ್ಳನೆಯ ಗೆರೆಗಳು ಮೂಡಿದ್ದವು.

ಸಿಂಧನೂರಿನಲ್ಲಿ ನಮ್ಮ ಮನೆಯ ಎದುರಿಗೆ ಅಕ್ಕಿ ಗಿರಣಿಯವರ ಮನೆ. ಅವರು ಆ ಮನೆಯ ಹಿರಿಸೊಸೆ, ಓಣಿಗೆಲ್ಲ ವೈನಿ, ಎಂದರೆ ಅತ್ತಿಗೆ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದ್ದರು. ನೀರು ನಿಂತ ನೆಲದಲ್ಲಿ ಜೋಳದ ಬೇರು ಯಾಕೆ ಸಾಯುತ್ತದೆ ಎಂಬ ಸಂಶೋಧನೆ ಅರ್ಧವಾಗಿದ್ದಾಗ ಮದುವೆಯಾಯಿತು. ಆಮೇಲೂ ಓದಿಸುತ್ತೇವೆ ಎಂದು ಗಂಡನ ಮನೆಯವರು ಮಾತು ಕೊಟ್ಟಿದ್ದರಂತೆ. ಎಂಬತ್ತರ ದಶಕದ ನಡುವೆ, ನಾನು ಪಿಯುಸಿಯ ಜೀವಶಾಸ್ತ್ರ ಹೇಳಿಸಿಕೊಳ್ಳಲು ಅವರ ಹತ್ತಿರ ಹೋಗತೊಡಗಿದಾಗ, ಆ ಮಾತಿಗೆ ಆರು ವರ್ಷವಾಗಿತ್ತು. ಹೊಸ್ತಿಲು ದಾಟಲು ವೈನಿ ಅತ್ತೆಯನ್ನು ಕೇಳಬೇಕಿತ್ತು. ಅತ್ತೆ ಬೈಯುತ್ತಿರಲಿಲ್ಲ, ಬರೀ "ಯಾಕ?" ಅನ್ನುತ್ತಿದ್ದರು. ವೈನಿ ಒಳಗೆ ಹೋಗಿಬಿಡುತ್ತಿದ್ದರು.

ಪಾಠ ನಡೆಯುತ್ತಿದ್ದದ್ದು ಹಿತ್ತಲಲ್ಲಿ, ಬಚ್ಚಲ ಗೋಡೆಗೆ ಆತು. ಒಮ್ಮೆ ಕುದಿಸಿ ಆರಿಸಿದ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದಕ್ಕೆ ಬತ್ತ, ಇನ್ನೊಂದಕ್ಕೆ ಜೋಳ ಹಾಕಿದರು. ಗಾಳಿ ಇಳಿಯದಂತೆ ಮೇಲೆ ಎಣ್ಣೆ ಬಿಟ್ಟು ಬಾಯಿ ಕಟ್ಟಿದರು. ಕೆಲವು ದಿನಕ್ಕೆ ಜೋಳ ಕೊಳೆಯಿತು. ಬತ್ತ ಬೇರು ಬಿಡದೆ, ಒಂದು ಬಿಳಿ ಮೊಳಕೆಯನ್ನಷ್ಟೇ ಮೇಲಕ್ಕೆ ಚಾಚಿತ್ತು.

"ಗಿಡ ಎದ್ದು ಓಡಂಗಿಲ್ಲಲ್ಲ," ಅಂದರು ವೈನಿ. "ಅದಕ್ಕ ಉಸುರುಗಟ್ಟಿದಾಗ ಒಳಗ ಬದಲಿ ಮಾಡ್ಕೊಂತೈತಿ. ದಿನದ ಕೆಲಸದ ಜೀನ್ ಸುಮ್ಮನ ಕೂಡಿಸ್ತೈತಿ. ಗಾಳಿ ಇಲ್ದ ಸಕ್ಕರಿ ಮುರಿಯೋ ಜೀನ್ ಎಬ್ಬಿಸ್ತೈತಿ. ಜೋಳಕ್ಕೂ ಅವು ಅದಾವ, ಆದ್ರ ಅದು ಭಾಳ ದಿನ ತಡಿಯಂಗಿಲ್ಲ."

"ಹಂಗಾದ್ರ ಬತ್ತ ಆರಾಮ ಐತೇನ್ರಿ?"

"ಆರಾಮ ಎಲ್ಲೀದು ಬೇ. ಜೀವ ಹಿಡ್ಕೊಂಡೈತಿ, ಅಷ್ಟ."

ಹಾಗೆ ಸಕ್ಕರೆ ಮುರಿದಾಗ ಬೀಜದೊಳಗೆ ಒಂದಿಷ್ಟು ಸಾರಾಯಿ ಹುಟ್ಟುತ್ತದೆ. ಅದೇ ಮುಳುವಾಯಿತು. ಒಂದು ಬೆಳಗ್ಗೆ ಪೂಜೆಗೆ ಕೂತಿದ್ದ ಅತ್ತೆಗೆ ಹುಳಿ ವಾಸನೆ ಬಡಿಯಿತು. ಹಿತ್ತಲಿಗೆ ಬಂದು ಬಾಟಲಿ ಬಿಚ್ಚಿ ಮೂಸಿದರು. "ಲಿಂಗ ಕಟ್ಟಿದ ಮನ್ಯಾಗ ಶೆರೆ ಕಾಸಾಕತ್ತಾಳ," ಅಂದು ಮಗನನ್ನು ಕರೆದರು. ವೈನಿಯ ಗಂಡ ಎಲ್ಲ ಬಾಟಲಿಗಳನ್ನೂ ಚರಂಡಿಗೆ ಸುರಿದರು. ವೈನಿ ಅವನ್ನು ತೊಳೆದು, ಒರೆಸಿ, ಗೋಡೆಯ ಬುಡದಲ್ಲಿ ಕವುಚಿಟ್ಟರು.

ಮರುವರ್ಷ ವೈನಿಗೆ ಧಾರವಾಡದ ಗುರುಗಳ ಕಾಗದ ಬಂತು. ವಾರದೊಳಗೆ ಬಂದರೆ ಬಿಟ್ಟ ಕೆಲಸ ಮುಗಿಸಬಹುದು, ಮತ್ತೆ ಅವಕಾಶವಿಲ್ಲ. ಹೇಗೋ ಗಂಡ ಒಪ್ಪಿದರು. ಲಿಂಗಸುಗೂರಿನ ಅಜ್ಜಿಯ ಮನೆಗೆ ಹೊರಟಿದ್ದ ನಾನೂ ಅದೇ ಬಸ್ಸಿನಲ್ಲಿದ್ದೆ. ಊರು ದಾಟಿದ ಮೇಲೆ ವೈನಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿ, ತಲೆಯ ಸೆರಗು ಇಳಿಬಿಟ್ಟರು. ಅವರ ಕೂದಲು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮಸ್ಕಿಯಲ್ಲಿ ಬಸ್ಸು ನಿಂತಾಗ ಅವರ ಮೈದುನ ಮೋಟರ್ ಸೈಕಲ್ಲಿನಲ್ಲಿ ಬಂದು ಕಿಟಕಿಯ ಕೆಳಗೆ ನಿಂತ.

"ಇಳೀರಿ ವೈನಿ. ಅವ್ವ ಎದಿ ಹಿಡ್ಕೊಂಡು ಬಿದ್ದಾಳ."

ವೈನಿ ಸೆರಗು ಹೊದ್ದು, ಚೀಲ ತಗೊಂಡು ಇಳಿದರು. ನಾಲ್ಕು ದಿನ ಬಿಟ್ಟು ನಾನು ಊರಿಗೆ ಬಂದು ಕೇಳಿದಾಗ, "ನಾ ಹೋದಾಗ ಅತ್ತಿಯವರು ಕಟ್ಟಿಮ್ಯಾಲೆ ಕುಂತು ಚಾ ಕುಡ್ಯಾಕತ್ತಿದ್ರು," ಅಂದರು. ಧಾರವಾಡದ ಹೆಸರು ಮತ್ತೆ ಎತ್ತಲಿಲ್ಲ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನಗೆ ಗಂಡು ನೋಡಿದರು. ಮಾತು ಮುಗಿಸುವ ಹಿಂದಿನ ದಿನ ವೈನಿ ಯಾರನ್ನೂ ಕೇಳದೆ ರಸ್ತೆ ದಾಟಿ ನಮ್ಮ ಪಡಸಾಲೆಗೆ ಬಂದು ನಿಂತರು.

"ಕಾಕಾರ, ಲಗ್ನ ಆದ ಮ್ಯಾಲೂ ಓದಸ್ತೀವಿ ಅಂತ ಗಂಡಿನವರು ಮಾತು ಕೊಟ್ಟಾರಂತ. ನನಗೂ ಕೊಟ್ಟಿದ್ರು. ನನ್ನ ನೋಡಿ ನೀವು ತೀರ್ಮಾನ ಮಾಡ್ರಿ."

ಅಪ್ಪ ಗಂಡಿನವರಿಗೆ ಬೇಡ ಎಂದು ಹೇಳಿ ಕಳಿಸಿದರು. ಆ ಸಂಬಂಧ ಮುರಿಯಿತು. ನಾನು ಕೃಷಿ ಓದಲು ಧಾರವಾಡಕ್ಕೆ ಹೋದೆ. ವೈನಿಗೆ ನಮ್ಮ ಮನೆಗೆ ಬರುವುದೂ ಬಂದ್ ಆಯಿತು.

ತೊಂಬತ್ತರ ದಶಕದಲ್ಲಿ, ಅವರು ಬಿಟ್ಟಿದ್ದ ಜೋಳದ ಬೇರಿನ ಕೆಲಸವನ್ನೇ ನಾನು ಮಾಡಿ, ಪ್ರಬಂಧವನ್ನು ಅವರ ಕೈಗೆ ಕೊಟ್ಟೆ. ಒಲೆಯ ಮುಂದೆ ನಿಂತೇ ಹಾಳೆ ತಿರುವಿದರು. ಹೊಗಳಲಿಲ್ಲ.

"ಗಾಳಿ ಇಲ್ದಾಗ ಯಾವ ಜೀನ್ ಏಳ್ತಾವ ಅಂತ ಬರದೀ. ಗಾಳಿ ವಾಪಸ್ ಕೊಟ್ಟ ಮ್ಯಾಲೆ ಬೇರಿಗೆ ಏನಾತು?"

"ನೋಡಿಲ್ರಿ ವೈನಿ."

"ನೋಡು. ನನಗ ಅದು ಗೊತ್ತಾಗಬೇಕು."

ಉತ್ತರ ಸಿಗಲು ಎರಡು ವರ್ಷ ಹಿಡಿಯಿತು. ಅದನ್ನು ಹೇಳಲು ಸಿಂಧನೂರಿಗೆ ಬರುವಷ್ಟರಲ್ಲಿ ವೈನಿ ಇರಲಿಲ್ಲ. ಕಾಮಾಲೆ, ಹದಿನೈದು ದಿನದಲ್ಲಿ ಎಲ್ಲ ಮುಗಿಯಿತು ಅಂದರು. ಅವರ ಗಂಡನನ್ನು ಮಾತಾಡಿಸಿ ಏಳುವಾಗ, ಅವರೇ ತಡೆದರು.

"ಆಕಿ ನಿನಗ ಏನೋ ಹುಡುಕಾಕ ಹೇಳಿದ್ಳಂತ. ಸಿಕ್ತೇನು?"

"ಸಿಕ್ತ್ರಿ. ಗಾಳಿ ವಾಪಸ್ ಬಂದಾಗ ಕೆಲವು ಬೇರು ಚೇತರಿಸ್ಕೊಂಡ್ವು. ಭಾಳ ದಿನ ಮುಳುಗಿದ್ದವು ಆ ಗಾಳೀನ ತಡಕೊಳ್ಳಾಕಾಗದ ಸತ್ವು."



"ಸ್ವಲ್ಪ ಮೊದಲ ನೀರಾಗಿಂದ ಬಿಡಿಸಿದ್ರ ಉಳೀತಿದ್ವೇನು?"

"ಉಳೀತಿದ್ವು ರೀ," ಅಂದೆ.

ಹೆಂಡತಿಯ ಕೆಲಸದ ಬಗ್ಗೆ ಅವರು ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.